ಹಿಮದಲ್ಲಿ ಇಟ್ಟ ಹಳದಿ ಕುರ್ಚಿ

ವೆಂಡೆಲ್‌ಗೆ ಯಾವ ಊರಾದರೂ ಬಿಟ್ಟ ಮೇಲೆಯೇ ಚೆಂದ ಕಾಣುತ್ತಿತ್ತು. ಪೋರ್ಟ್‌ಲೆಂಡಿನಲ್ಲಿ ಇದ್ದಷ್ಟು ದಿನವೂ ಅಲ್ಲಿನ ಜಿನುಗು ಮಳೆಯನ್ನು ಬೈದ. ಆಸ್ಟಿನ್ನಿಗೆ ಬಂದು ಬೆವರತೊಡಗಿದ ಮೇಲೆ ಅದೇ ಮಳೆ ಅವನ ಬಾಯಲ್ಲಿ ಅಮೃತವಾಯಿತು. ಅಟ್ಲಾಂಟಾಕ್ಕೆ ಬಂದರೆ ಆಸ್ಟಿನ್ನಿನ ಹೈಡ್ ಪಾರ್ಕಿನ ಓಕ್ ಮರಗಳ ನೆರಳು ನೆನಪಾಯಿತು. ಈಗ ಪಿಟ್ಸ್‌ಬರ್ಗಿನ ಪೋಲಿಷ್ ಹಿಲ್‌ನ ಕಡಿದಾದ ಬೀದಿಯೊಂದರಲ್ಲಿ, ಬಾಡಿಗೆ ಮನೆಯ ಮೇಲಂತಸ್ತಿನ ಕಿಟಕಿಗೆ ಒರಗಿ, ಅಟ್ಲಾಂಟಾದ ಕ್ಯಾಬೇಜ್‌ಟೌನಿನಲ್ಲಿ ಸಂಜೆಯಾದರೆ ಜನ ಜಗುಲಿಗೆ ಬಂದು ಕೂರುತ್ತಿದ್ದ ಸೊಗಸನ್ನು ಹೊಗಳುತ್ತಿದ್ದ. ಅಲ್ಲಿದ್ದಾಗ ಅವನು ಒಂದೇ ಒಂದು ಸಂಜೆಯೂ ಜಗುಲಿಯಲ್ಲಿ ಕೂತವನಲ್ಲ ಎಂಬುದು ಅವನ ಹೆಂಡತಿ ಕೊರಿನ್‌ಗೆ ಮಾತ್ರ ಗೊತ್ತಿತ್ತು.

ಅವನದು ಎಲ್ಲಿ ಬೇಕಾದರೂ ಕೂತು ಮಾಡಬಹುದಾದ ಕೆಲಸ. ಯಂತ್ರಗಳ ಕೈಪಿಡಿ ತಿದ್ದುವುದು. ಒಂದು ಕಂಪ್ಯೂಟರು, ಬೆನ್ನುನೋವಿಗೆಂದು ಕೊಂಡ ಚಕ್ರದ ದೊಡ್ಡ ಕಪ್ಪು ಕುರ್ಚಿ, ಇಷ್ಟಿದ್ದರೆ ಆಯಿತು. ಆ ಕುರ್ಚಿಯೂ ಅವನ ಹಿಂದೆಯೇ ನಾಲ್ಕು ಊರು ಕಂಡಿತ್ತು. ಕೊರಿನ್‌ಳ ಪಾಡು ಹಾಗಲ್ಲ. ಅವಳು ಹೆಂಗಸರ ಕೂದಲು ಕತ್ತರಿಸುವವಳು. ಒಂದು ರಾಜ್ಯದ ಲೈಸೆನ್ಸು ಇನ್ನೊಂದು ರಾಜ್ಯದಲ್ಲಿ ನಡೆಯದು. ಪ್ರತಿ ಸಲವೂ ಹೊಸದಾಗಿ ಅರ್ಜಿ ಹಾಕಿ ಕಾಯಬೇಕು, ಯಾರದೋ ಸಲೂನಿನಲ್ಲಿ ಬಾಡಿಗೆಗೆ ಒಂದು ಕುರ್ಚಿ ಹಿಡಿಯಬೇಕು, ಗುರುತಿಲ್ಲದ ತಲೆಗಳನ್ನು ಗುರುತು ಮಾಡಿಕೊಳ್ಳಬೇಕು. ಒಬ್ಬಳ ಸುಳಿ ಎಲ್ಲಿದೆ, ಇನ್ನೊಬ್ಬಳಿಗೆ ಯಾವ ಮಾತೆತ್ತಿದರೆ ಕಣ್ಣು ತುಂಬುತ್ತದೆ ಎಂದು ಕೈಗೆ ತಿಳಿಯುವ ಹೊತ್ತಿಗೆ ಸರಿಯಾಗಿ ವೆಂಡೆಲ್ ಊಟದ ಮೇಜಿನ ಮುಂದೆ, "ಅಲ್ಲ ಕಣೇ, ಇನ್ನೊಂದು ಊರಲ್ಲಿ ಒಂದು ಬಡಾವಣೆ ಇದೆಯಂತೆ..." ಎಂದು ಶುರು ಮಾಡುತ್ತಿದ್ದ.

ಬಡಾವಣೆಯನ್ನು ಅಳೆಯಲು ಅವನಿಗೆ ಅವನದೇ ಅಳತೆಗಳಿದ್ದವು. ನಡೆದು ಹೋಗುವಷ್ಟು ದೂರದಲ್ಲಿ ಒಳ್ಳೆಯ ಕಾಫಿ ಇರಬೇಕು. ಸಾಲುಮರ ಇರಬೇಕು. ಬೀದಿಗೆ ಒಂದು ಕಳೆ ಇರಬೇಕು. ಆ ಕಳೆ ಎಂದರೇನು ಎಂದು ಕೇಳಿದರೆ, "ಅದು ಅನುಭವಕ್ಕೆ ಬರಬೇಕು" ಎನ್ನುತ್ತಿದ್ದ.

ಕೊರಿನ್‌ಗೂ ಒಂದು ಅಳತೆ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳು ಬೆಳೆದದ್ದು ಅಲಬಾಮಾದ ಮೊಬೀಲಿನಲ್ಲಿ, ಅಜ್ಜಿಯ ಮನೆಯಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಜಗುಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಬಾಯಿಪಾಠವಾಗಿದ್ದ ಸ್ತೋತ್ರ ಹೇಳುತ್ತಿದ್ದಳು. ಒಂದು ಸಾಲು ಹೇಳಿ ನಿಲ್ಲಿಸುವಳು. ಎದುರು ಮನೆಯ ಕತ್ತಲಿನಿಂದ ಯಾರೋ ಮುಂದಿನ ಸಾಲನ್ನು ಎತ್ತಿಕೊಳ್ಳುತ್ತಿದ್ದರು. ಅದರ ಮುಂದಿನದು ಮೂಲೆಮನೆಯಿಂದ ಬರುತ್ತಿತ್ತು. ಎತ್ತಿಕೊಂಡವರ ಮುಖ ಕಾಣುತ್ತಿರಲಿಲ್ಲ, ಕಾಣಬೇಕಾಗಿಯೂ ಇರಲಿಲ್ಲ. ನಾನು ಒಂದು ಸಾಲು ಹೇಳಿ ನಿಲ್ಲಿಸಿದರೆ ಮುಂದಿನದನ್ನು ಎತ್ತಿಕೊಳ್ಳುವವರು ಇಲ್ಲಿ ಇದ್ದಾರೆಯೇ? ಊರು ಬದಲಿಸಿದಾಗಲೆಲ್ಲ ಕೊರಿನ್ ಮನಸ್ಸಿನಲ್ಲಿಯೇ ಇಷ್ಟು ಕೇಳಿಕೊಳ್ಳುತ್ತಿದ್ದಳು. ಮೂರು ಊರುಗಳಲ್ಲಿ ಉತ್ತರ ಸಿಕ್ಕಿರಲಿಲ್ಲ.

ಇಲ್ಲಿ ಸಿಗುವ ಹಾಗೆ ಕಾಣುತ್ತಿತ್ತು. ಎದುರು ಮನೆಯ ವಾಂಡಾ ಸೊಬ್ಚಾಕ್ ಎಂಬ ಮುದುಕಿಯ ನೆಲಮಾಳಿಗೆಯಲ್ಲಿ ಹಳೆಯ ಪಾರ್ಲರ್ ಒಂದಿತ್ತು. ಅವಳ ತಂಗಿ ಐರೀನ್ ನಡೆಸುತ್ತಿದ್ದದ್ದು. ಐರೀನ್ ಈಗ ನೆನಪು ಹೋಗಿ, ನದಿಯಾಚೆಯ ವೃದ್ಧಾಶ್ರಮದಲ್ಲಿದ್ದಳು. ಅಕ್ಕ ದಿನವೂ ತಾನೇ ಕಾರು ಓಡಿಸಿಕೊಂಡು ಹೋಗಿ, ತಂಗಿಗೆ ರಾತ್ರಿಯೂಟ ಉಣ್ಣಿಸಿ ಬರುತ್ತಿದ್ದಳು. ಒಂದು ದಿನ ಅವಳು ಕೊರಿನ್‌ಳನ್ನು ಕರೆದು ಪಾರ್ಲರಿನ ಬಾಗಿಲು ತೆಗೆದು ತೋರಿಸಿದಳು. ತಲೆ ತೊಳೆಯಲು ಗುಲಾಬಿ ಬಣ್ಣದ ಎರಡು ತೊಟ್ಟಿ, ಒಂದು ಕನ್ನಡಿ, ಇನ್ನೂ ಹೋಗದ ಶಾಂಪೂ ವಾಸನೆ. ಕೊರಿನ್‌ಗೆ ಎದೆ ತುಂಬಿ ಬಂತು.

"ನೋಡು, ಇನ್ನೊಬ್ಬನೂ ಬಾಡಿಗೆಗೆ ಕೇಳ್ತಿದಾನೆ," ಎಂದಳು ಮುದುಕಿ. "ಗಡ್ಡದವನು. ಕಾಫಿ ಮಾರ್ತಾನಂತೆ. ಐರೀನ್ ತೊಟ್ಟೀಲಿ ಲೋಟ ತೊಳೀತಾನೋ ಏನೋ. ಭಾನುವಾರ ಪೂಜೆ ಮುಗಿಸ್ಕೊಂಡು ಬಂದು ಹೇಳ್ತೀನಿ."

"ನಿಮ್ಮ ಮನಸ್ಸಲ್ಲಿ ಏನಿದೆ, ಮಿಸೆಸ್ ಸೊಬ್ಚಾಕ್?"

"ಮನಸ್ಸಲ್ಲಿ ನೀನೇ ಇದೀಯ. ಆದ್ರೂ ಭಾನುವಾರ ಅಂದ್ರೆ ಭಾನುವಾರ. ನಮ್ಮಪ್ಪನೂ ಹಾಗೇ ಮಾಡ್ತಿದ್ದ."

ಆ ರಾತ್ರಿ ಕೊರಿನ್ ಗಂಡನಿಗೆ ಹೇಳಿದಳು: "ಈ ಸಲ ನಾನು ಇಲ್ಲಿಂದ ಕದಲೋಳಲ್ಲ ನೋಡು."

"ಕದಲು ಅಂತ ಯಾರು ಹೇಳಿದ್ರು? ಆದ್ರೆ ಒಂದು ಮಾತು. ಈ ಬೀದೀಲಿ ಒಂದು ಕಾಫಿ ಅಂಗಡಿ ಇಲ್ವಲ್ಲೇ. ಗುಡ್ಡ ಇಳಿದು, ಮತ್ತೆ ಹತ್ತಿ ಬರಬೇಕು. ಪೋರ್ಟ್‌ಲೆಂಡಲ್ಲಾದ್ರೆ..."

"ಪೋರ್ಟ್‌ಲೆಂಡ್ ಸುದ್ದಿ ಎತ್ತಿದ್ರೆ ಈ ಆಲೂಗಡ್ಡೆ ತಲೆ ಮೇಲೆ ಸುರೀತೀನಿ."

ಗುರುವಾರ ಬೆಳಗಾಗುವಷ್ಟರಲ್ಲಿ ಮೊಣಕಾಲುದ್ದ ಹಿಮ ಬಿದ್ದಿತ್ತು. ಕಾರುಗಳೆಲ್ಲ ಬಿಳಿಯ ಗುಪ್ಪೆಗಳಾಗಿದ್ದವು. ಪಕ್ಕದ ಮನೆಯ ಗಸ್, ಒಂದು ಕಾಲದಲ್ಲಿ ಉಕ್ಕಿನ ಕಾರ್ಖಾನೆಯಲ್ಲಿ ದುಡಿದ ಹಿರಿಯ, ಸಲಿಕೆ ಹಿಡಿದು ವಾಂಡಾಳ ಕಾರಿನ ಸುತ್ತ ಮಧ್ಯಾಹ್ನದವರೆಗೂ ಬಗೆದ. ಅವಳು ಕಾರು ತೆಗೆದುಕೊಂಡು ತಂಗಿಯ ಬಳಿಗೆ ಹೊರಟುಹೋದಳು. ಕೊರಿನ್ ಆಗಲೇ ಕೆಲಸಕ್ಕೆ ಹೋಗಿದ್ದರಿಂದ ಇದಾವುದನ್ನೂ ನೋಡಲಿಲ್ಲ.

ಅವಳು ಮನೆಗೆ ಬಂದಾಗ ಅಡುಗೆಮನೆಯ ನಡುವೆ ಒಂದು ಕುರ್ಚಿ ಇತ್ತು. ಹೊಳೆಯುವ ಉಕ್ಕಿನ ಕಾಲು, ನಿಂಬೆಹಣ್ಣಿನಂಥ ಹಳದಿ ಸೀಟು. ವೆಂಡೆಲ್ ಅದನ್ನು ಸೋಪು ಹಚ್ಚಿ ಒರೆಸಿ ಥಳಥಳ ಮಾಡಿದ್ದ.

"ಹೇಗಿದೆ? ಎದುರುಗಡೆ ರಸ್ತೇಲಿ, ಹಿಮ ತೆಗೆದ ಕಡೆ ಬಿದ್ದಿತ್ತು! ಯಾರೋ ಬೇಡ ಅಂತ ಹಾಕಿದಾರೆ. ಇಂಥದ್ದಕ್ಕೆ ಹಳೇ ಸಾಮಾನಿನ ಅಂಗಡೀಲಿ ಎಷ್ಟು ಕೇಳ್ತಾರೆ ಗೊತ್ತಾ ನಿಂಗೆ?"

ಕೊರಿನ್‌ಗೆ ಅಚ್ಚರಿಯಾಗಲಿಲ್ಲ. ಪೋರ್ಟ್‌ಲೆಂಡಿನ ಆಲ್ಬರ್ಟಾ ಬೀದಿಯಲ್ಲಿ ಅವರ ಮನೆ ತುಂಬಿದ್ದೇ ಹಾಗೆ. ಅಲ್ಲಿ ಜನ ತಮಗೆ ಬೇಡವಾದದ್ದನ್ನು ಬೀದಿಯಂಚಿಗೆ ತಂದಿಡುತ್ತಾರೆ, ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಮೇಜು, ಪುಸ್ತಕದ ಕಪಾಟು, ಮಂಚ ಎಲ್ಲ ಹಾಗೆಯೇ ಬಂದದ್ದು. ಮೊಬೀಲಿನಲ್ಲಿ ಹಿಮ ಬೀಳುವುದೇ ಅಪರೂಪವಾದ್ದರಿಂದ, ಹಿಮದ ನಡುವಿನ ಕುರ್ಚಿಗೆ ಬೇರೆ ಅರ್ಥವಿರಬಹುದೆಂದು ಅವಳ ತಲೆಗೂ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಕುರ್ಚಿ ಇಷ್ಟವೇ ಆಯಿತು. "ಪಾರ್ಲರಿಗೆ ಚೆನ್ನಾಗಿರುತ್ತೆ," ಎಂದಳು. ಅದರಲ್ಲಿ ಗಂಡನನ್ನು ಕೂರಿಸಿ, ಕುತ್ತಿಗೆಗೆ ಟವೆಲ್ ಸುತ್ತಿ, ಬೀದಿಯ ಕಡೆಯ ಕಿಟಕಿಯ ಬಳಿ ದೀಪ ಹಾಕಿಕೊಂಡು ಅವನ ಕೂದಲು ಕತ್ತರಿಸಿದಳು. ಅವನು ಏನೋ ತಮಾಷೆ ಮಾಡಿದ. ತುಂಬ ದಿನದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕರು.

ಮರುದಿನ ಬೀದಿ ಬದಲಾಗಿಬಿಟ್ಟಿತ್ತು.

ದಿನವೂ "ಏನು ತಾಯಿ, ಕತ್ತರಿ ಮಸೆದಾಯ್ತಾ?" ಎಂದು ಕೂಗುತ್ತಿದ್ದ ಗಸ್, ಅವಳನ್ನು ಕಂಡು ಬೇಕೆಂದೇ ಬೆನ್ನು ತಿರುಗಿಸಿದ. ಕೊರಿನ್‌ಳ ಮನೆಯ ಮೆಟ್ಟಿಲ ಮೇಲೆ ಯಾರೋ ಸಲಿಕೆಯಿಂದ ಎತ್ತಿ ಹಾಕಿದ ಹಿಮ ಗುಡ್ಡೆಯಾಗಿತ್ತು. ಎದುರು ಕಿಟಕಿಯಲ್ಲಿ ಮಿಸೆಸ್ ಸೊಬ್ಚಾಕ್ ಕಾಣಿಸಿದಳು. ಬಲಗೈಗೆ ಬಟ್ಟೆಯ ಜೋಲಿ. ಕೊರಿನ್ ಗಾಬರಿಯಿಂದ ಕೈ ಎತ್ತಿದಳು. ಮುದುಕಿ ಪರದೆ ಎಳೆದಳು.

ಸಂಜೆ ಕೊರಿನ್ ಚರ್ಚಿನ ನೆಲಮಾಳಿಗೆಗೆ ಹೋದಳು. ಪ್ರತಿ ಶುಕ್ರವಾರ ಅಲ್ಲಿ ಹೆಂಗಸರು ಆಲೂಗಡ್ಡೆ ಹೂರಣದ ಪಿಯೆರೋಗಿ ಎಂಬ ಕಡುಬು ಮಾಡಿ ಮಾರುತ್ತಾರೆ. ಹೋದ ವಾರ "ಸಣ್ಣಗಿದೀಯಲ್ಲೇ" ಎಂದು ಎರಡು ಹೆಚ್ಚಿಗೆ ಹಾಕಿದ್ದ ಹೆಂಗಸು ಈ ಸಲ ಪೊಟ್ಟಣವನ್ನು ಮೇಜಿನ ಮೇಲೆ ನೂಕಿದಳು.

"ಮಿಸೆಸ್ ಸೊಬ್ಚಾಕ್ ಕೈಗೆ ಏನಾಯ್ತು?"

"ಬಿದ್ಲು. ಅದು ನಿಮಗೇ ಗೊತ್ತಿರಬೇಕಲ್ಲ," ಎಂದ ಆ ಹೆಂಗಸು ಅವಳ ಹಿಂದೆ ನಿಂತವರನ್ನು ನೋಡಿ, "ನಿಮಗೆಷ್ಟು?" ಎಂದು ಕೇಳಿದಳು.

ಏನು ತಪ್ಪಾಯಿತೆಂದು ತಿಳಿಯದೆ ತಪ್ಪಿತಸ್ಥಳಾಗುವುದಕ್ಕಿಂತ ಕಷ್ಟ ಬೇರೆ ಇಲ್ಲ. ರಾತ್ರಿಯಿಡೀ ಕೊರಿನ್ ತಾನಾಡಿದ ಮಾತುಗಳನ್ನೆಲ್ಲ ಒಂದೊಂದಾಗಿ ತಿರುವಿ ಹಾಕಿದಳು. ಪಕ್ಕದಲ್ಲಿ ವೆಂಡೆಲ್, "ಸಣ್ಣ ಬೀದಿ, ಸಣ್ಣ ಜನ. ಆಸ್ಟಿನ್ನಲ್ಲಿ ಹೀಗಿರಲಿಲ್ಲ," ಎಂದು ಮಗ್ಗುಲು ಬದಲಿಸಿದ.

ಶನಿವಾರ ಸಲೂನಿನಲ್ಲಿ ಗಿರಾಕಿಗಳು ಕಡಿಮೆ. ಸಲೂನಿನ ಒಡತಿ ರೊಶೆಲ್ ಹುಟ್ಟಿ ಬೆಳೆದದ್ದೆಲ್ಲ ಪಿಟ್ಸ್‌ಬರ್ಗಿನಲ್ಲೇ. ಮಾತಿಗೆ ಮಾತು ಬಂದು ಕೊರಿನ್ ಹಳದಿ ಕುರ್ಚಿಯ ವಿಷಯ ಹೇಳಿದಳು. ರೊಶೆಲ್‌ಳ ಕೈಯ ಬಾಚಣಿಗೆ ನಿಂತಿತು.

"ಎಲ್ಲಿತ್ತು ಅಂದೆ?"

"ರಸ್ತೇಲಿ."

"ಕಸದ ಡಬ್ಬಿ ಪಕ್ಕದಲ್ಲೋ, ರಸ್ತೆ ಮೇಲೋ? ಸರಿಯಾಗಿ ಹೇಳು."

"ರಸ್ತೆ ಮೇಲೇ. ಹಿಮ ತೆಗೆದ ಜಾಗದಲ್ಲಿ."

"ಅಯ್ಯೋ ದೇವರೇ!" ರೊಶೆಲ್ ಗಿರಾಕಿಯನ್ನು ಬಿಟ್ಟು ಇತ್ತ ತಿರುಗಿದಳು. "ಅದು ಜಾಗ ಹಿಡಿದ ಕುರ್ಚಿ ಕಣೇ! ಬೆನ್ನು ಮುರ್ಕೊಂಡು ಹಿಮ ಬಗೆದವರು, ಕಾರು ತಿರುಗಿ ಬರೋವರೆಗೆ ನಿಲ್ಲಿಸೋ ಜಾಗ ನಮ್ದು ಅಂತ ಇಟ್ಟಿರ್ತಾರೆ. ನಮ್ಮಪ್ಪ ಸತ್ತ ದಿನ ಹಿಮ ಬಿದ್ದಿತ್ತು. ನಾವು ಮಣ್ಣು ಮಾಡಿ ಬರೋವರೆಗೂ ನಮ್ಮ ಕುರ್ಚಿ ಅಲ್ಲೇ ಇತ್ತು. ಕಳ್ಳನೂ ಮುಟ್ಟಲ್ಲ ಅದನ್ನ. ನಿನ್ನ ಗಂಡ ಮುಟ್ಟಿದನಾ?"

"ತೊಳೆದು ಒರೆಸಿದಾನೆ," ಎಂದಳು ಕೊರಿನ್. 

ಮನೆಗೆ ಬಂದವಳು ಕೋಟು ತೆಗೆಯಲಿಲ್ಲ. ವೆಂಡೆಲ್ ಕಪ್ಪು ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಹುಬ್ಬೇರಿಸಿದ.

"ಇದೆಂಥ ಕಾನೂನು? ರಸ್ತೆ ಸರ್ಕಾರದ್ದು. ಪೋರ್ಟ್‌ಲೆಂಡಲ್ಲಿ..."

"ಇದು ಪೋರ್ಟ್‌ಲೆಂಡ್ ಅಲ್ಲ!"

"ಅದನ್ನೇ ನಾನು ಹೇಳ್ತಿರೋದು. ಅಲ್ಲಿ ಕುರ್ಚಿ ಹೊರಗಿಟ್ರೆ ತಗೊಳ್ಳಿ ಅಂತ ಅರ್ಥ. ಇಲ್ಲಿ ಇಟ್ರೆ ಮುಟ್ಟಬೇಡಿ ಅಂತ. ಯಾವ ಊರಿನ ಜನ ಒಳ್ಳೆಯವರು, ನೀನೇ ಹೇಳು."

"ವೆಂಡೆಲ್, ಏಳು ವರ್ಷದಿಂದ ಬಡಾವಣೆ ಬಡಾವಣೆ ಅಂತ ಜಪ ಮಾಡ್ತಿದೀಯ. ಮರ ಎಣಿಸ್ತೀಯ, ಕಾಫಿ ಮೂಸಿ ನೋಡ್ತೀಯ. ಎದುರುಮನೆ ಮುದುಕಿ ಕುರ್ಚಿ ಯಾವುದು ಅಂತ ಗೊತ್ತಾಗಲಿಲ್ವಲ್ಲ ನಿಂಗೆ!"

"ನಿಂಗೂ ಗೊತ್ತಾಗಲಿಲ್ವಲ್ಲ."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳ ಸಿಟ್ಟು ನೆತ್ತಿಗೇರಿತು. ಹಳದಿ ಕುರ್ಚಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದಳು.

ಬೀದಿಯ ನಡುವೆ ಬಂದಾಗ ಗಸ್ ತನ್ನ ಬಾಗಿಲಲ್ಲಿ ನಿಂತಿದ್ದ. "ಓಹೋ, ಮೆರವಣಿಗೆ ಹೊರಟಿತು! ಕುರ್ಚಿಗೆ ಸ್ನಾನ ಬೇರೆ ಆಗಿದೆ!"

"ಗೊತ್ತಿರಲಿಲ್ಲ, ಗಸ್. ದೇವರಾಣೆ."

"ಗೊತ್ತಿಲ್ಲದೋರು ಕೇಳಬೇಕು, ತಾಯಿ. ನಮಗೂ ಬಾಯಿ ಇದೆ. ಕಚ್ಚಲ್ಲ."

ವಾಂಡಾ ಸೊಬ್ಚಾಕ್ ಬಾಗಿಲು ತೆಗೆದಳು. ಜೋಲಿಯಲ್ಲಿದ್ದ ಮಣಿಕಟ್ಟು ಊದಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಬಿಳಿ ಕೂದಲು ಎಣ್ಣೆ ಜಿಡ್ಡಾಗಿ ಒಂದು ಪಕ್ಕಕ್ಕೆ ಅಂಟಿತ್ತು. "ಒಳಗಿಡು," ಎಂದಳು. ಅಡುಗೆಮನೆಯಲ್ಲಿ ಅದರ ಜೊತೆಯವು ಇನ್ನೂ ಮೂರು ಹಳದಿ ಕುರ್ಚಿಗಳಿದ್ದವು. ಕೊರಿನ್ ನಾಲ್ಕನೆಯದನ್ನು ಅದರ ಜಾಗದಲ್ಲಿಟ್ಟಳು.

"ಮಿಸೆಸ್ ಸೊಬ್ಚಾಕ್, ನಮ್ಮಿಂದ ದೊಡ್ಡ ತಪ್ಪಾಯ್ತು. ನಾವು ಬೇಡ ಅಂತ ಹಾಕಿರೋದು ಅಂದ್ಕೊಂಡು..."

"ಯಾರೋ ಗೊತ್ತಿಲ್ಲದೋನು ಬಂದು ಜಾಗದಲ್ಲಿ ಕಾರು ನಿಲ್ಲಿಸಿದ್ದ. ಕುರ್ಚಿ ಇದ್ದಿದ್ರೆ ನಿಲ್ಲಿಸ್ತಿರಲಿಲ್ಲ. ನಾನು ಗುಡ್ಡದ ಬುಡದಲ್ಲಿ ನಿಲ್ಲಿಸಿ ನಡೆದು ಹತ್ತಿದೆ. ಬಿದ್ದೆ. ಎದ್ದೆ. ಅದಕ್ಕಲ್ಲ ನಂಗೆ ಬೇಜಾರು." ಮುದುಕಿ ಕಿಟಕಿಯ ಕಡೆ ಗಲ್ಲ ತೋರಿಸಿದಳು. "ಕೈ ಹಿಡ್ಕೊಂಡು ಮೇಲೆ ಬಂದು ಈ ಕಿಟಕಿಯಿಂದ ನೋಡಿದ್ರೆ, ನಿಮ್ಮ ಕಿಟಕೀಲಿ ದೀಪ. ನನ್ನ ಕುರ್ಚಿ ಮೇಲೆ ನಿನ್ನ ಗಂಡ. ಇಬ್ರೂ ನಗ್ತಾ ಇದ್ರಿ."

 ಕೇಳಬಾರದು ಎಂದುಕೊಂಡರೂ ಕೊರಿನ್ ಕೇಳಿಬಿಟ್ಟಳು: "ಪಾರ್ಲರು?"

"ಕಾಫಿಯವನಿಗೆ ಮಾತು ಕೊಟ್ಟಾಯ್ತು. ನಿನ್ನೆ."

"ಭಾನುವಾರ ಅಂದಿದ್ರಲ್ಲ."

"ಅಂದಿದ್ದೆ," ಎಂದಳು ಮುದುಕಿ. ಅವಳ ಕಣ್ಣು ನೆಲ ನೋಡಿತು. "ಸಿಟ್ಟಲ್ಲಿ ಫೋನು ಮಾಡಿದೆ. ಕೊಟ್ಟ ಮಾತು ವಾಪಸು ತಗೊಳ್ಳೋ ಅಭ್ಯಾಸ ನಂಗಿಲ್ಲ."

ಕೊರಿನ್ ಬೀದಿ ದಾಟಿ ಬಂದು, ಮೆಟ್ಟಿಲು ಹತ್ತಿ, ಕೋಟಿನಲ್ಲೇ ಕೂತಳು. ವೆಂಡೆಲ್ ಚಹಾ ತಂದಿಟ್ಟ. ಅವನು ಕೆಟ್ಟವನಲ್ಲ. ಅದೇ ತೊಂದರೆಯಾಗಿತ್ತು. ಕೆಟ್ಟವನಾಗಿದ್ದರೆ ಎಂದೋ ಒಂದು ಊರಿನಲ್ಲಿ ಅವನನ್ನು ಬಿಟ್ಟು ಬರಬಹುದಿತ್ತು.

"ಯಾರಿಗೆ ಕೊಟ್ರಂತೆ?"

"ಕಾಫಿಯವನಿಗೆ."

ಅವನ ಮುಖದಲ್ಲಿ ಮೊದಲು ಮರುಕ ಬಂತು. ಅದರ ಹಿಂದೆಯೇ, ತಡೆಯಲಾಗದೆ, ಇನ್ನೊಂದು ಬೆಳಕು ಬಂತು. ಅವನು ಎದ್ದು ಕಿಟಕಿಗೆ ಹೋಗಿ ಎದುರು ಮನೆಯ ನೆಲಮಾಳಿಗೆಯನ್ನು ನೋಡಿದ.

"ಇಲ್ಲೇ? ಎದುರಿಗೇ?" ಎಂದ. "ಅಲ್ಲ ಕೊರಿನ್, ನಂಗೆ ಬೇಜಾರಾಯ್ತು, ನಿಜ. ಆದ್ರೆ ಯೋಚನೆ ಮಾಡು. ಬೀದಿ ದಾಟಿದ್ರೆ ಕಾಫಿ. ಹಳೇ ಇಟ್ಟಿಗೆ ಮನೆ, ಚರ್ಚಿನ ಗೋಪುರ, ಈಗ ಇದು. ಆಲ್ಬರ್ಟಾ ಬೀದಿ ಆಗಲಿ, ಕ್ಯಾಬೇಜ್‌ಟೌನ್ ಆಗಲಿ ಇದರ ಮುಂದೆ ಏನೂ ಅಲ್ಲ. ನೀನು ಹೇಳಿದ್ದೇ ಸರಿ. ಇಲ್ಲೇ ಇದ್ದುಬಿಡೋಣ."

ಏಳು ವರ್ಷದಿಂದ ಅವಳು ಕೇಳಬೇಕೆಂದಿದ್ದ ಮಾತು ಅದೊಂದೇ. ಅದು ಬಂದ ಹೊತ್ತು ಹೀಗಿತ್ತು. ಕೊರಿನ್ ಚಹಾದ ಲೋಟವನ್ನು ಬಾಯಿಗಿಟ್ಟುಕೊಂಡಳು. ಮಾತಾಡಿದ್ದರೆ ಬೀದಿಗೆಲ್ಲ ಕೇಳಿಸುತ್ತಿತ್ತು.

ಭಾನುವಾರ ರಾತ್ರಿ ಮತ್ತೆ ಹಿಮ ಬಿತ್ತು. ಸೋಮವಾರ ಸಲೂನಿಗೆ ರಜೆ. ಕೊರಿನ್ ಕೆಳಗಿಳಿದು, ಗಸ್‌ನ ಜಗುಲಿಯಲ್ಲಿ ಒರಗಿಸಿದ್ದ ಸಲಿಕೆಯನ್ನು ಎತ್ತಿಕೊಂಡಳು. ಎರಡು ಹೆಜ್ಜೆ ಬಂದವಳು ಏನೋ ನೆನಪಾಗಿ ಹಿಂದೆ ಹೋಗಿ, ಬಾಗಿಲು ತಟ್ಟಿ ಕೇಳಿದಳು. ಗಸ್ ಬನಿಯನ್ನಿನಲ್ಲೇ ಬಂದು, ಅವಳನ್ನೂ ಸಲಿಕೆಯನ್ನೂ ನೋಡಿ, "ತಗೋ. ಸೊಂಟ ಬಗ್ಗಿಸಬೇಡ, ಮಂಡಿ ಬಗ್ಗಿಸು," ಎಂದು ಒಳಗೆ ಹೋದ.

ಗುಡ್ಡದ ಬುಡದಿಂದ ಗಸ್ ಮೇಲೆ ತಂದು ನಿಲ್ಲಿಸಿದ್ದ ವಾಂಡಾಳ ಕಾರಿನ ಸುತ್ತ ಅವಳು ಬಗೆದಳು. ದಕ್ಷಿಣದ ಹೆಣ್ಣು, ಹಿಮ ಇಷ್ಟು ಭಾರವೆಂದು ಗೊತ್ತಿರಲಿಲ್ಲ. ಅಂಗೈ ಬೊಬ್ಬೆಯೆದ್ದಿತು. ಕಿಟಕಿಗಳಲ್ಲಿ ಪರದೆ ಸರಿದದ್ದು ಕಂಡರೂ ಯಾರೂ ಹೊರಗೆ ಬರಲಿಲ್ಲ. ಕೆಲಸ ಮುಗಿದ ಮೇಲೆ ಗಸ್ ಬಂದು, ಕೈ ನೋಯುತ್ತಿದ್ದ ವಾಂಡಾಳ ಬದಲು ತಾನೇ ಐರೀನ್‌ಗೆ ಬಟ್ಟೆ ಕೊಟ್ಟುಬರಲು ಕಾರು ತೆಗೆದುಕೊಂಡು ಹೋದ. ಬಗೆದ ಜಾಗ ಬರಿದಾಯಿತು. ಹಳದಿ ಕುರ್ಚಿ ಹೊರಗೆ ಬರಲಿಲ್ಲ.

ಕೊರಿನ್ ಮೇಲೆ ಹೋದಳು. ವೆಂಡೆಲ್ ಸ್ನಾನಕ್ಕೆ ಹೋಗಿದ್ದ. ಅವಳು ಚಕ್ರದ ಕಪ್ಪು ಕುರ್ಚಿಯನ್ನು ಮೆಟ್ಟಿಲ ಮೇಲೆ ದಡದಡ ಇಳಿಸಿ, ಬೀದಿಗೆ ತಂದು, ಬಗೆದ ಜಾಗದ ನಡುವೆ ನಿಲ್ಲಿಸಿದಳು. ಇಳಿಜಾರಿನಲ್ಲಿ ಅದು ಉರುಳತೊಡಗಿದಾಗ ಚಕ್ರಗಳಿಗೆ ಹಿಮದ ಉಂಡೆ ಒತ್ತಿಟ್ಟಳು.

ತಲೆಯ ಮೇಲೆ ಕಿಟಕಿ ತೆರೆಯಿತು. ಒದ್ದೆ ತಲೆಯ ವೆಂಡೆಲ್. "ಕೊರಿನ್! ನನ್ನ ಕುರ್ಚಿ! ನಾನೆಲ್ಲಿ ಕೂರಲಿ?"

"ನಿಂತ್ಕೋ!"

ಎದುರು ಮನೆಯ ಬಾಗಿಲು ಕಿರುಗುಟ್ಟಿತು. ವಾಂಡಾ ಹೊಸ್ತಿಲಲ್ಲಿ ನಿಂತು ಕುರ್ಚಿಯನ್ನೂ ಅದರ ಚಕ್ರಗಳನ್ನೂ ನೋಡಿದಳು.

"ಚಕ್ರ ಇರೋದನ್ನ ಯಾರಾದ್ರೂ ಗುಡ್ಡದ ಮೇಲೆ ಇಡ್ತಾರೇನೇ?" ಎಂದಳು. ಆಮೇಲೆ, "ಕತ್ತರಿ ಇದೆಯಾ? ಒಂದು ಕೈಲಿ ತಲೆ ತೊಳ್ಕೊಳ್ಳೋಕೆ ಆಗ್ತಿಲ್ಲ. ಪಾರ್ಲರ್ ಕೊಡಲ್ಲ, ಮತ್ತೆ ಕೇಳಬೇಡ. ತೀರಾ ಗಿಡ್ಡ ಮಾಡಬೇಡ."

ಅಡುಗೆಮನೆಯ ತೊಟ್ಟಿಯಲ್ಲಿ ಕೊರಿನ್ ಅವಳ ತಲೆ ತೊಳೆದಳು. ಹಳದಿ ಕುರ್ಚಿಯಲ್ಲಿ ಕೂರಿಸಿ ಟವೆಲ್ ಸುತ್ತಿದಳು. ಬೊಬ್ಬೆಯೆದ್ದ ಬೆರಳಿಗೆ ಕತ್ತರಿ ತಾಗಿದಾಗಲೆಲ್ಲ ಉರಿಯಿತು. ಸುಳಿ ಎಡಕ್ಕಿತ್ತು. ಕೆಳಗೆ ನೆಲಮಾಳಿಗೆಯಲ್ಲಿ ಯಾರೋ ಅಳತೆ ಹಿಡಿಯುತ್ತಿದ್ದ ಸದ್ದು ಬರುತ್ತಿತ್ತು, ಕಾಫಿಯವನಿರಬೇಕು. ಆ ಗುಲಾಬಿ ತೊಟ್ಟಿಗಳನ್ನು ಅವನು ಏನು ಮಾಡುತ್ತಾನೋ ಎಂದು ನೆನೆಯುತ್ತಲೇ ಅವಳು ಮುಂದಿನ ಎಳೆ ಬಾಚಿಕೊಂಡಳು. ಮುದುಕಿ ಕಣ್ಣು ಮುಚ್ಚಿ ಪೋಲಿಷ್ ಭಾಷೆಯಲ್ಲಿ ಏನನ್ನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಪ್ರಾರ್ಥನೆಯಿರಬೇಕು, ಸಾಲು ಸಾಲಾಗಿ ಬಂದು, ಪ್ರತಿ ಸಾಲಿನ ಕೊನೆಗೆ ಒಂದು ಉಸಿರು ನಿಲ್ಲುತ್ತಿತ್ತು. ಮುಂದಿನ ಸಾಲು ಎತ್ತಿಕೊಳ್ಳಲು ಕೊರಿನ್‌ಗೆ ಆ ಭಾಷೆ ಬಾರದು. ಅವಳು ಉಸಿರು ನಿಂತಲ್ಲಿ ಕತ್ತರಿಯನ್ನೂ ನಿಲ್ಲಿಸಿ, ಸಾಲು ಮೊದಲಾದಾಗ ಕತ್ತರಿಸಿದಳು.

ಹೊರಗೆ ಹಾರನ್ ಕೇಳಿಸಿತು. ಕಿಟಕಿಯಿಂದ ನೋಡಿದರೆ, ಗಸ್ ಕಾರು ತಂದು ಜಾಗದ ಮುಂದೆ ನಿಲ್ಲಿಸಿದ್ದ. ವೆಂಡೆಲ್ ಕೋಟು ಹಾಕಿಕೊಂಡು ಇಳಿದು ಬಂದಿದ್ದ. ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ಎತ್ತಲೋ ಬೇಡವೋ ಎಂದು ಸುತ್ತಲಿನ ಕಿಟಕಿಗಳನ್ನು ನೋಡುತ್ತ ನಿಂತಿದ್ದ.

"ಈಗ ಎತ್ತಬಹುದು, ಮಗಾ!" ಎಂದು ಗಸ್ ಗಾಜು ಇಳಿಸಿ ಕೂಗಿದ. "ಕಾರು ಬಂತಲ್ಲ, ಈಗ ಎತ್ತಬಹುದು!"

ವೆಂಡೆಲ್ ಎಳೆದ. ಹಿಮ ಗಟ್ಟಿಯಾಗಿ ಚಕ್ರಗಳನ್ನು ಹಿಡಿದುಬಿಟ್ಟಿತ್ತು. ಕುರ್ಚಿ ಕದಲಲಿಲ್ಲ.